ಜೀಪಿನಲ್ಲಿ ಬಂದ ಉಡಿ

ಸರಕಾರ ಅಂಜನಾಗೆ ಮೂರು ಸಲ ಸೀಮಂತ ಮಾಡಿತು. ಮೂರು ಊರಲ್ಲಿ ಮಾಡಿತು. ಒಂದು ಊರಲ್ಲೂ ತಾನಾಗಿ ಅವಳ ಹೆಸರು ಬರೆದುಕೊಳ್ಳಲಿಲ್ಲ.

ಹೆಸರು ಬರೆಯುವುದೇನು ಬೆಟ್ಟ ಕಡಿಯುವ ಕೆಲಸವಲ್ಲ. ಅಂಜನಾ. ಗಂಡ ದುರ್ಗೇಶ್. ಬರೆದು ಮುಗಿಸಲು ಕಾಲು ನಿಮಿಷ ಸಾಕು. ಆ ಕಾಲು ನಿಮಿಷಕ್ಕಾಗಿ ಅವಳು ನಾಲ್ಕನೇ ತಿಂಗಳಿಂದ ಎಂಟನೇ ತಿಂಗಳವರೆಗೆ ಹೊಟ್ಟೆ ಹೊತ್ತುಕೊಂಡು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ಸುತ್ತಿದಳು. ಬಸ್ಸೇನೋ ಬಿಟ್ಟಿ. ಆಧಾರ್ ಕಾರ್ಡು ನೋಡಿ, ನೀನು ಯಾವ ಊರಿಗೆ ಸೇರಿದವಳು ಎಂದು ಕೇಳದೆ ಟಿಕೆಟ್ ಹರಿದುಕೊಟ್ಟವನು ಇಡೀ ಜಿಲ್ಲೆಯಲ್ಲಿ ಕಂಡಕ್ಟರ್ ಒಬ್ಬನೇ.

ಅವಳಿಗೆ ಬೇಕಾಗಿದ್ದದ್ದು ತಾಯಿ ಕಾರ್ಡು. ಬಸುರಿಗೆ ಕೊಡುವ ಸಣ್ಣ ಪುಸ್ತಕ ಅದು. ಅದಿದ್ದರೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆ, ಮೊಟ್ಟೆ ಸಿಗುತ್ತದೆ. ಬಾಣಂತಿಯ ರೊಕ್ಕ ಬರುತ್ತದೆ. ಹೆರಿಗೆ ನೋವು ತಿಂದುಕೊಂಡು ಹೋದ ದಿನ ದವಾಖಾನೆಯ ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡುವುದಿಲ್ಲ. ಇದೆಲ್ಲ ಒತ್ತಟ್ಟಿಗಿರಲಿ. ಓಣಿಯ ದವಾಖಾನೆಯ ನರ್ಸಮ್ಮ ಅವಳ ಬೆರಳು ಚುಚ್ಚಿ ನೋಡಿ ಮುಖ ಸಿಂಡರಿಸಿದ್ದಳು.

"ರಕ್ತ ಏಳಕ್ಕ ಇಳದೈತಿ. ಹಿಂಗ ಹಡ್ಯಾಕ ಹೋದ್ರ ನಿನ್ನ ಜೀವಕ್ಕ ಗ್ಯಾರಂಟಿ ಇಲ್ಲ ನೋಡು. ಲಗೂನ ಕಾರ್ಡ್ ಮಾಡಿಸ್ಕೊಂಡು ಬಾ. ಕಾರ್ಡ್ ಇದ್ರ ರಕ್ತದ ಸೂಜಿ ಬರೀತಾರ."

ಅಂದರೆ ಅವಳ ಜೀವ ಒಂದು ಪುಸ್ತಕದಲ್ಲಿ ಸಿಕ್ಕಿಕೊಂಡಿತ್ತು.

ಅಂಜನಾ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸುವವಳು. ಬಳ್ಳಾರಿಯ ಆ ಓಣಿಯಲ್ಲಿ ಮನೆ ಮನೆಯಲ್ಲೂ ಪ್ಯಾಂಟು ಹೊಲಿಯುತ್ತಾರೆ. ಹೊಲಿದ ಪ್ಯಾಂಟಿನ ಮೂಲೆ ಮೂಲೆಯಲ್ಲಿ ದಾರ ಜೋತಾಡುತ್ತಿರುತ್ತದೆ. ಅದನ್ನು ಹುಡುಕಿ ಹುಡುಕಿ ಸಣ್ಣ ಕತ್ತರಿಯಿಂದ ಕತ್ತರಿಸಬೇಕು. ಬೆಳಿಗ್ಗೆ ಒಂಬತ್ತಕ್ಕೆ ನೆಲಕ್ಕೆ ಕೂತರೆ ಸಂಜೆ ಏಳಕ್ಕೆ ಏಳಬೇಕು. ಹೊಸ ಬಟ್ಟೆಯ ನೀಲಿ ಕೈಗೆ ಹತ್ತುತ್ತದೆ. ಕೈಯಿಂದ ಮೂಗಿಗೆ, ಮೂಗಿನಿಂದ ಕೆಮ್ಮಿಗೆ. ದುರ್ಗೇಶ್ ಪ್ಯಾಂಟು ತೊಳೆಯುವ ಯೂನಿಟ್ಟಿನಲ್ಲಿದ್ದ. ಅವನು ಮೊಣಕೈವರೆಗೂ ನೀಲಿ. ಸಿರುಗುಪ್ಪದ ಕೇರಿಯಲ್ಲಿ ಭತ್ತ ಕೊಯ್ಯಲು ಮಿಷನ್ನು ಬಂದ ಮೇಲೆ ಕೂಲಿ ಹೋಯಿತು. ಕೂಲಿ ಹೋದ ಮೇಲೆ ಇಬ್ಬರೂ ಬಳ್ಳಾರಿಗೆ ಬಂದರು. ಎರಡು ವರ್ಷವಾಗಿತ್ತು. ತಗಡಿನ ಒಂದೇ ಕೋಣೆ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಕೆಳಗೆ ಗ್ಯಾಸಿನ ಒಲೆ.

ನಾಲ್ಕನೇ ತಿಂಗಳಲ್ಲಿ ಅವಳು ಮೊದಲು ಹೋದದ್ದು ತನ್ನ ಓಣಿಯ ಅಂಗನವಾಡಿಗೆ. ಅಲ್ಲಿನ ಟೀಚರ್ ಸುಧಾರಾಣಿ ಆಧಾರನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದು ಸಿರುಗುಪ್ಪದ್ದು ಐತಲ್ಲವ್ವಾ. ನೀನು ಅಲ್ಲಿಯಾಕಿ."

"ನಾ ಇರೋದು ಇಲ್ಲೇ ಅಲ್ರಿ ಟೀಚರ್. ನಿಮ್ಮ ಹಿಂದಿನ ಗಲ್ಲಿ."

"ಇರೋದು ಬ್ಯಾರೆ, ಸೇರಿದ್ದು ಬ್ಯಾರೆ. ನಿನ್ನ ಇಲ್ಲಿ ಬರಕೊಂಡ್ರ ಅಲ್ಲಿ ಒಂದು ಬಸುರಿ ಕಮ್ಮಿ ಬೀಳ್ತಾಳ, ಇಲ್ಲಿ ಒಂದು ಹೆಚ್ಚು ಬರ್ತಾಳ. ಹೆಚ್ಚಿಗಿ ಬಂದಾಕಿಗೆ ಮೊಟ್ಟಿ ಎಲ್ಲಿಂದ ತರ್ಲಿ? ನಾ ಏನು ಕೋಳಿ ಅದೀನಾ?"

ಸುಧಾರಾಣಿ ಕೆಟ್ಟವಳಲ್ಲ. ಐದು ತಿಂಗಳಿಂದ ಅವಳ ಗೌರವಧನವೇ ಬಂದಿರಲಿಲ್ಲ. ಹಸಿದವಳ ಕೈಯಲ್ಲಿ ಹಸಿದವಳಿಗೆ ಬಡಿಸಲು ಹಚ್ಚಿದರೆ ಆಗುವುದು ಹೀಗೆಯೇ. ಆದರೆ ಹೊಟ್ಟೆಯೊಳಗಿನ ಕೂಸಿಗೆ ಇದೆಲ್ಲ ತಿಳಿಯುತ್ತದೆಯೇ?

ಐದನೇ ತಿಂಗಳಲ್ಲಿ ಅಂಜನಾ ಸಿರುಗುಪ್ಪಕ್ಕೆ ಹೋದಳು. ಅತ್ತೆ ಪಕ್ಕೀರಮ್ಮ ಮುಂದೆ ನಡೆದು ಕೇರಿಯ ಪಕ್ಕದ ಅಂಗನವಾಡಿ ತೋರಿಸಿದಳು. ಅಲ್ಲಿಯ ಟೀಚರು ಹೊಸ್ತಿಲ ಮೇಲೇ ನಿಂತು ಮಾತಾಡಿದಳು. ಕೇರಿಯವರು ಬಂದರೆ ಆ ಹೊಸ್ತಿಲು ತಾನಾಗಿ ಎತ್ತರವಾಗುತ್ತಿತ್ತು.

"ಊರು ಬಿಟ್ಟು ಹೋದಾಕಿ ನೀನು. ತಿಂಗಳಾ ತಿಂಗಳಾ ನಾ ತೂಕ ಮಾಡಾಕ ಬಂದ್ರ ಯಾರ್ನ ತೂಗ್ಲಿ? ನಿಮ್ಮತ್ತೀನಾ?"

"ಹಂಗಾದ್ರ ಎಲ್ಲಿ ಹೋಗ್ಲಿ ಟೀಚರ್?"

"ಚೊಚ್ಚಲ ಅಲ್ಲೇನು? ಚೊಚ್ಚಲ ಬಾಣಂತನ ತವರಾಗ. ನಿಂದು ಕುರುಗೋಡು ಹೌದಿಲ್ಲೋ, ಅಲ್ಲೇ ಬರಿಸ್ಕೊ ಹೋಗು."

ಅಂಜನಾ ತಿರುಗಿದಳು. ಅಷ್ಟರಲ್ಲಿ ಬಾಗಿಲಿಗೆ ಒಂದು ಜೀಪು ಬಂತು. ಜೀಪಿನಿಂದ ಅಂಗನವಾಡಿಗಳನ್ನು ನೋಡಿಕೊಳ್ಳುವ ಜಿಲ್ಲೆಯ ಮೇಡಂ ಜ್ಯೋತಿಲಕ್ಷ್ಮಿ ಇಳಿದರು. ಹಿಂದಿನಿಂದ ಡ್ರೈವರ್ ಚಂದ್ರಣ್ಣ ಒಂದು ಹಿತ್ತಾಳೆಯ ತಟ್ಟೆ ಹಿಡಿದು ಇಳಿದ. ತಟ್ಟೆಯಲ್ಲಿ ಒಂದು ಜುಟ್ಟಿನ ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಒಂದು ಹಸಿರು ಕುಬುಸದ ಖಣ. ಅವತ್ತು ಸರಕಾರಿ ಸೀಮಂತ. ಐದು ಮಂದಿ ಬಸುರಿಯರಿಗೆ ಉಡಿ ತುಂಬಿ, ಒಬ್ಬೊಬ್ಬರದೇ ಫೋಟೊ ತೆಗೆದು ಮೇಲೆ ಕಳಿಸಬೇಕು. ಊರಿನ ಹೆಸರು, ದಿನ, ಗಂಟೆ, ಎಲ್ಲವನ್ನೂ ಮೊಬೈಲೇ ಫೋಟೊದ ಮೇಲೆ ಬರೆಯುತ್ತದೆ, ಸುಳ್ಳು ಹೇಳಲು ಬಿಡುವುದಿಲ್ಲ. ಬಂದ ಬಸುರಿಯರು ನಾಲ್ವರು.

"ಏ, ಎಲ್ಲಿ ಹೊಂಟಿ? ಬಂದು ಕುಂದ್ರು ಬಾ," ಎಂದಳು ಟೀಚರು. ಹೊಸ್ತಿಲು ಈಗ ತಗ್ಗಾಗಿತ್ತು.

ಅಂಜನಾಗೆ ಒಂದು ಕ್ಷಣ ಆಸೆ ಹುಟ್ಟಿತು. ಕೂರಿಸಿದವರು ಬರೆಯದೇ ಇರುತ್ತಾರೆಯೇ ಎಂದುಕೊಂಡಳು. ಕೂತಳು. ಸೆರಗು ಒಡ್ಡಿದಳು. ಟೀಚರು ಕೈ ತಾಗದ ಹಾಗೆ ಗೇಣು ಮೇಲಿಂದ ಅಕ್ಕಿ ಉದುರಿಸಿದಳು, ಕೋಳಿಗೆ ಕಾಳು ಹಾಕಿದಂತೆ. ಕಾಯಿ ದೊಪ್ಪೆಂದು ಬಿತ್ತು. ಖಣ ಜಾರಿತು. ಅಂಜನಾ ಅದನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದಳು. ಬೆವರಿದ ಹೆಬ್ಬೆಟ್ಟಿನ ನೀಲಿ ಹಸಿರು ಖಣದ ಅಂಚಿಗೆ ಇಳಿಯಿತು. ಮೇಡಂ ಭಾಷಣ ಮಾಡಿದರು. ಫೋಟೊ ಆಯಿತು. ಚಪ್ಪಾಳೆ ಆಯಿತು.

ಆಮೇಲೆ ಚಂದ್ರಣ್ಣ ತಟ್ಟೆ ಹಿಡಿದು ಎದುರಿಗೆ ಬಂದ.

"ಕೊಡವಾ."

"ಏನ್ ಕೊಡ್ಲಿ?"

"ಉಡಿ. ಪಕ್ಕದಾಕಿಗೆ ತುಂಬಬೇಕು. ಒಂದೇ ಸೆಟ್ಟು ಐತಿ."

ಹೀಗೆ ಒಂದೇ ಕಾಯಿ ಐದು ಉಡಿ ಹತ್ತಿ ಇಳಿದು ಜೀಪಿಗೆ ವಾಪಸು ಹೋಯಿತು. ಬಸುರಿಯ ತುಂಬಿದ ಉಡಿಗೆ ಕೈ ಹಾಕುವ ಕೆಲಸ ನಮ್ಮ ಕಡೆ ಕಳ್ಳರೂ ಮಾಡುವುದಿಲ್ಲ. ಅವರಿಗೂ ತಾಯಿ ಇರುತ್ತಾಳೆ. ಜೀಪು ಹೋದ ಮೇಲೆ ಹೊಸ್ತಿಲು ಮತ್ತೆ ಎತ್ತರವಾಯಿತು. ಅಂಜನಾ ಹೆಸರು ಎಂದು ಬಾಯಿ ತೆರೆದರೆ ಟೀಚರು ಬಾಗಿಲು ಮುಚ್ಚಿದಳು.

ಏಳನೇ ತಿಂಗಳಲ್ಲಿ ಕುರುಗೋಡು. ಅವ್ವ ಪಾರಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಒಂದು ದಿನ ಬಿಟ್ಟು ಮಗಳ ಜೊತೆ ಬಂದಳು. ಅಲ್ಲಿಯ ಟೀಚರು ವಯಸ್ಸಾದವಳು, ಗಾದೆ ಬಲ್ಲವಳು.

"ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತಾರವ್ವಾ. ನಿಮ್ಮ ಪಡಿತರ ಚೀಟಿನ್ಯಾಗ ಈಕಿ ಹೆಸರು ತಗಸೀರಿ. ಚೀಟಿನ್ಯಾಗ ಇಲ್ಲದಾಕಿ ನನ್ನ ಪುಸ್ತಕದಾಗ ಹೆಂಗ ಬರ್ತಾಳ?"

"ಚೊಚ್ಚಲ ತವರಾಗ ಅಂತ ಸಿರುಗುಪ್ಪದ ಟೀಚರ್ ಹೇಳ್ಯಾರ್ರಿ," ಎಂದಳು ಪಾರಮ್ಮ.

"ಹಡ್ಯಾದು ತವರಾಗ. ಬರಿಸೋದು ಗಂಡನ ಮನ್ಯಾಗ."

"ಗಂಡನ ಮನ್ಯಾಗ ಈಕಿ ಇರಂಗಿಲ್ಲಲ್ರಿ!"

"ಹಂಗಾದ್ರ ಬಳ್ಳಾರ್ಯಾಗ."

ಗಾಣದ ಎತ್ತಾದರೂ ಸುತ್ತಿದ್ದಕ್ಕೆ ಎಣ್ಣೆ ಕಾಣುತ್ತದೆ. ಇವರಿಗೆ ಕಂಡದ್ದು ಮತ್ತೆ ಅದೇ ಜೀಪು. ಅದೇ ಚಂದ್ರಣ್ಣ. ಅದೇ ತಟ್ಟೆ. ಇಲ್ಲೂ ಒಬ್ಬಳು ಕಡಿಮೆ. ಅಂಜನಾ ಒಲ್ಲೆ ಎಂದಳು. ಅವ್ವನಿಗೆ ಮಾತ್ರ ಮಗಳ ಉಡಿ ತುಂಬುವುದನ್ನು ನೋಡುವ ಹಂಬಲ. ತನ್ನ ಕೈಯಲ್ಲಿ ಸೀಮಂತದ ಕುಬುಸ ಮಾಡಲು ಆಗಿರಲಿಲ್ಲ, ಸರಕಾರವಾದರೂ ಮಾಡಲಿ ಎಂದು ಕೂರಿಸಿದಳು. ಖಣ ಮಡಿಲಿಗೆ ಬಿತ್ತು. ಅಂಚಿನಲ್ಲಿ ನೀಲಿ ಹೆಬ್ಬೆಟ್ಟಿತ್ತು. ಅಂಜನಾ ತನ್ನ ಹೆಬ್ಬೆಟ್ಟನ್ನು ಅದರ ಮೇಲೆ ಮೆಲ್ಲಗೆ ಇಟ್ಟು ನೋಡಿದಳು. ಸರಿಯಾಗಿ ಕೂತಿತು.

ಚಂದ್ರಣ್ಣ ತಟ್ಟೆ ಒಡ್ಡಿದಾಗ ಪಾರಮ್ಮ ಕಿರುಚಿಕೊಂಡಳು. "ಲೇ ಭಾಡ್ಯಾ, ಬಸುರಿ ಉಡಿಗೆ ಕೈ ಹಾಕ್ತೀ? ನಿಮ್ಮವ್ವ ಹಡದಿಲ್ಲೇನು ನಿನ್ನ?"

"ಹಡದಾಳವ್ವಾ. ಡ್ರೈವರ್ ಆಗ್ಲಿ ಅಂತ ಹಡದಾಳ. ನಾ ಏನ್ ಮಾಡ್ಲಿ?"

ಅವನು ಎಷ್ಟು ಬಡಪಾಯಿಯಾಗಿ ಹೇಳಿದನೆಂದರೆ ಪಾರಮ್ಮನ ಬೈಗುಳ ಅರ್ಧಕ್ಕೇ ನಿಂತಿತು. ಅಂಜನಾ ಕಾಯಿಯನ್ನು ತಾನೇ ಎತ್ತಿ ತಟ್ಟೆಗಿಟ್ಟಳು. ಹಾಗೆ ಎತ್ತಿಟ್ಟದ್ದನ್ನು ನೆನೆದರೆ ಅವಳಿಗೆ ಇವತ್ತೂ ಹೊಟ್ಟೆ ಉರಿಯುತ್ತದೆ.

ಬಳ್ಳಾರಿಗೆ ಬಂದು ಗಂಡನಿಗೆ ಹೇಳಿದಳು. ದುರ್ಗೇಶ್ ಸೋಪು ಹಚ್ಚಿ ಕೈ ತಿಕ್ಕುತ್ತಿದ್ದ.

"ಉಡಿ ಗಿಡಿ ನಾವು ಬಿಟ್ಟೀವಲ್ಲಲೇ. ಬುದ್ಧನ ಮುಂದ ಕುಂತು ಮದುವಿ ಆದೋರು ನಾವು. ಒಂದು ಕಾಯಿಗೆ ಯಾಕ ಅಳ್ತಿ?"

"ನಾನೂ ನಂಬಂಗಿಲ್ಲ ಬಿಡ್ರಿ. ಆದ್ರ ಕೊಟ್ಟು ಕಸ್ಕೊಳ್ಳೋದನ್ನ ಬುದ್ಧ ಒಪ್ಪತಾನೇನು?"

ದುರ್ಗೇಶ್ ಗೋಡೆ ನೋಡಿದ. ಕೈ ತಿಕ್ಕುತ್ತಲೇ ಇದ್ದ. ನೀಲಿ ಹೋಗಲಿಲ್ಲ.

ಎಂಟನೇ ತಿಂಗಳು. ನರ್ಸಮ್ಮ ಮತ್ತೆ ಬೆರಳು ಚುಚ್ಚಿದಳು. ಆರೂವರೆ. ಈ ಸಲ ಅವಳು ಬೈಯಲಿಲ್ಲ. ಬೈಯದೇ ಇದ್ದದ್ದೇ ಅಂಜನಾಗೆ ಹೆದರಿಕೆ ತಂದಿತು.

ಮರುದಿನ ಹನ್ನೊಂದು ಗಂಟೆಗೆ ಅವಳು ಪ್ಯಾಂಟಿನ ರಾಶಿಯ ನಡುವೆ ಕೂತಿದ್ದಾಗ ಸುಧಾರಾಣಿ ಏದುಸಿರು ಬಿಡುತ್ತ ಬಂದಳು.

"ಅಂಜನಾ, ಲಗೂನ ಏಳವ್ವಾ. ಮೇಡಂ ಬರ್ತಾರ. ಸೀಮಂತ ಐತಿ. ಒಬ್ಬಾಕಿ ಕಮ್ಮಿ ಬಿದ್ದಾಳ."

"ನಾ ಸಿರುಗುಪ್ಪದಾಕಿ ಅಲ್ರಿ ಟೀಚರ್?"

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬಾರವ್ವಾ, ನನ್ನ ಮಾನ ಉಳಸು."

ಅಂಜನಾ ಎದ್ದಳು. ಏಳಲು ಎರಡೂ ಕೈ ನೆಲಕ್ಕೆ ಊರಬೇಕಾಯಿತು. ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಅಂಗನವಾಡಿಯಲ್ಲಿ ಐದು ಕುರ್ಚಿ. ನಾಲ್ವರು ಕೂತಿದ್ದರು. ಮೊದಲ ಕುರ್ಚಿ ಅಂಜನಾಗೆ. ಪಕ್ಕದಲ್ಲಿ ನಂದಿನಿ ಎಂಬ ಹುಡುಗಿ, ಆಂಧ್ರದ ಆದೋನಿ ಕಡೆಯಿಂದ ಬಂದವಳು, ಪಕ್ಕದ ಯೂನಿಟ್ಟಿನಲ್ಲಿ ಗುಂಡಿ ಹಚ್ಚುವವಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ನೆರೆದಿದ್ದರು. ಮೇಡಂ ಮೈಕು ಹಿಡಿದರು.

"ದುಡಿಯಲು ಊರು ಬಿಟ್ಟು ಬಂದ ತಾಯಂದಿರನ್ನು ನಾವು ಬರಿಗೈಯಲ್ಲಿ ಕಳಿಸಬಾರದು. ತಾಯಿ ಎಲ್ಲಿದ್ದಾಳೋ ಅಲ್ಲೇ ನೋಂದಣಿ, ಅಲ್ಲೇ ಆರೈಕೆ. ಯಾವ ಊರಿನವಳು ಎಂದು ಕೇಳಲೇಬಾರದು."

ಸಿರುಗುಪ್ಪದಲ್ಲೂ ಇದೇ ಭಾಷಣ. ಕುರುಗೋಡಿನಲ್ಲೂ ಇದೇ. ಅಂಜನಾಗೆ ಬಾಯಿಪಾಠವಾಗಿತ್ತು. ಮೇಡಂ ಎಲ್ಲಿ ನಿಲ್ಲಿಸಿ ನೀರು ಕುಡಿಯುತ್ತಾರೆ ಎಂಬುದೂ ಗೊತ್ತಿತ್ತು.

ಉಡಿ ತುಂಬಿದರು. ಫೋಟೊ ಆಯಿತು. ಚಪ್ಪಾಳೆ ಆಯಿತು. ಚಂದ್ರಣ್ಣ ತಟ್ಟೆ ಹಿಡಿದು ಬಂದ.

ಅಂಜನಾ ಸೆರಗಿನ ಎರಡೂ ತುದಿ ಸೇರಿಸಿ ಬಿಗಿಯಾಗಿ ಗಂಟು ಹಾಕಿದಳು. ಗಂಟನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಕೊಡಂಗಿಲ್ಲ."

"ಯವ್ವಾ, ಹಂಗನಬ್ಯಾಡ. ಇನ್ನೂ ನಾಲ್ಕು ಮಂದಿ ಅದಾರ. ಮೂರು ಗಂಟೆಗೆ ಮೋಕ ಊರಾಗ ಮತ್ತೊಂದು ಸೀಮಂತ ಐತಿ."

"ಮೋಕದಾಕಿಗೂ ಇದೇ ಕಾಯಿನಾ?"

"ಇದೇ ಕಾಯಿ. ಪುಣ್ಯದ ಕಾಯಿ, ಎಷ್ಟೋ ಉಡಿ ಕಂಡೈತಿ."

"ಎಷ್ಟೋ ಉಡಿ ಬಿಟ್ಟೈತಿ. ನಂದು ಬಿಡಂಗಿಲ್ಲ. ಕಾರ್ಡ್ ಬರೋ ತನಕ ನಾ ಈ ಕುರ್ಚಿನೂ ಬಿಡಂಗಿಲ್ಲ."

ಸುಧಾರಾಣಿ ಓಡಿ ಬಂದಳು. ಕೈ ಹಿಡಿದು ಎಬ್ಬಿಸಲು ನೋಡಿದಳು. ಎಂಟು ತಿಂಗಳ ಬಸುರಿ ಏಳಬಾರದು ಎಂದು ಕೂತರೆ ಎಬ್ಬಿಸುವ ಗಂಡಸು ಹೆಂಗಸು ಇನ್ನೂ ಹುಟ್ಟಿಲ್ಲ. ಕೊನೆಗೆ ಮೇಡಂ ತಾವೇ ಬಂದು ಬಾಗಿದರು. ರೇಷ್ಮೆ ಸೀರೆಯ ಸೆರಗು ಅಂಜನಾಳ ಮುಖದ ಮುಂದೆ ಜೋತಿತು.

"ಏನಮ್ಮಾ ಇದು, ಒಂದು ಕಾಯಿಗೋಸ್ಕರ? ನಾನು ಹೊಸ ಕಾಯಿ ಕೊಡಿಸ್ತೀನಿ."

ಅಂಜನಾಳ ಕೈ ಸೊಂಟಕ್ಕೆ ಹೋಯಿತು. ಕತ್ತರಿ ಹೊರಬಂತು. ಮೇಡಂ ಎರಡು ಹೆಜ್ಜೆ ಹಿಂದೆ ಹಾರಿದರು. ಚಂದ್ರಣ್ಣ ತಟ್ಟೆಯನ್ನು ಎದೆಗೆ ಅಡ್ಡ ಹಿಡಿದ.

"ದಾರ ರೀ ಮೇಡಂ," ಎಂದಳು ಅಂಜನಾ. "ನಿಮ್ಮ ಸೆರಗಿನ್ಯಾಗ ದಾರ ಜೋತು ಬಿದ್ದೈತಿ. ಕಂಡ್ರ ಕೈ ತಡಿಯಂಗಿಲ್ಲ, ದಿನಾ ಅದೇ ಕೆಲಸ. ಬರ್ರಿ ಈ ಕಡಿ."

ಕಚಕ್ ಎಂದು ಕತ್ತರಿಸಿದಳು. ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಅಂಜನಾ ಗಂಟು ಸಡಿಲಿಸಿ ಖಣ ಮಾತ್ರ ಹೊರಗೆಳೆದಳು. ಎತ್ತಿ ಹಿಡಿದಳು.

"ಇದನ್ನ ನೋಡ್ರಿ ಮೇಡಂ. ಈ ನೀಲಿ ಹೆಬ್ಬೆಟ್ಟು ನಂದು. ಸಿರುಗುಪ್ಪದಾಗ ಒತ್ತಿದ್ದು. ಕುರುಗೋಡಿನ್ಯಾಗ ನನ್ನ ಉಡಿಗೆ ಇದೇ ಖಣ ಬಂತು. ಇವತ್ತ ಬಳ್ಳಾರ್ಯಾಗೂ ಇದೇ ಬಂದೈತಿ. ಮೂರೂ ಊರಾಗ ನಾನೇ ಕುಂತೀನಿ, ನಿಮ್ಮ ಫೋಟೊದಾಗ ನಾನೇ ಅದೀನಿ, ತಗದು ನೋಡ್ರಿ. ಪುಸ್ತಕದಾಗ ಮಾತ್ರ ಎಲ್ಲೂ ಇಲ್ಲ. ಈ ಕಾಯಿಗೆ ಯಾವೂರು ಅಂತ ಕೇಳಿದ್ರೇನು? ಈ ಖಣಕ್ಕ ಆಧಾರ್ ಐತೇನು? ಇವು ಜೀಪಿನ್ಯಾಗ ಕುಂತು ಜಿಲ್ಲಾ ತಿರಗ್ತಾವ. ಎಲ್ಲಿ ಹೋದ್ರೂ ಮರ್ಯಾದಿ. ನಾ ಬಸ್ಸಿನ್ಯಾಗ ನಿಂತು ತಿರಗೀನಿ. ಎಲ್ಲಿ ಹೋದ್ರೂ ಹೊರಗ. ನನ್ನ ರಕ್ತ ಆರೂವರಿ ಐತಿ ಮೇಡಂ. ನಾ ಸತ್ರ ನನ್ನ ಹೆಣ ಯಾವೂರಿಗೆ ಸೇರಿದ್ದು ಅಂತ ಬರೀತೀರಿ? ಅದನ್ನರ ಈಗ ಹೇಳಿಬಿಡ್ರಿ."

ಮೇಡಂ ಖಣ ನೋಡಿದರು. ಚಂದ್ರಣ್ಣನನ್ನು ನೋಡಿದರು. ಅವನು ತಡವರಿಸಿದ.

"ಖರೇ ಐತ್ರಿ ಮೇಡಂ. ಎರಡು ಸಲ ಸೋಪು ಹಚ್ಚಿ ತೊಳದೆ. ಹೋಗಲಿಲ್ಲ."

ಕಿಟಕಿಯ ಹೆಂಗಸರು ಹೋ ಎಂದು ನಕ್ಕರು. ಆ ನಗುವಿನಲ್ಲೇ ನಂದಿನಿ ತನ್ನ ತೆಲುಗಿನಲ್ಲಿ ಬಾಯಿ ಬಿಟ್ಟಳು. "ನಾಕೂ ಲೇದಕ್ಕಾ ಕಾರ್ಡು!" ಮೂರನೆಯ ಕುರ್ಚಿಯವಳು ಅಳುತ್ತ ನನಗೂ ಇಲ್ಲ ಎಂದಳು. ಐವರಲ್ಲಿ ಮೂವರು ಫೋಟೊಕ್ಕೆ ಎರವಲು ತಂದ ಬಸುರಿಯರು. ನಂದಿನಿ ತನ್ನ ಬರಿದು ಸೆರಗನ್ನೇ ಗಂಟು ಹಾಕಿಕೊಂಡು, ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದಳು.

"ಸುಧಾರಾಣಿ, ಬರ್ಕೊಳ್ಳಿ ಇವರನ್ನ," ಎಂದರು ಮೇಡಂ.

"ಆಧಾರ್ ಬ್ಯಾರೆ ಊರಿಂದು ಮೇಡಂ."

"ನಾನು ಈಗ ಭಾಷಣದಲ್ಲಿ ಹೇಳಲಿಲ್ವಾ?"

ಸುಧಾರಾಣಿ ನೆಲ ನೋಡಿದಳು. ಬಾರದ ಗೌರವಧನದ ಸಿಟ್ಟು ಅವಳಲ್ಲೂ ಇತ್ತು. "ಭಾಷಣದಾಗ ಹೇಳೀರಿ ಮೇಡಂ. ಕಾಗದದಾಗ ಕಳಿಸಿಲ್ಲ. ನಾಳಿಗೆ ಲೆಕ್ಕ ತಪ್ಪಿದ್ರ ನೋಟೀಸ್ ಬರೋದು ನನಗ."

ಇದಕ್ಕೆ ಯಾರೂ ನಗಲಿಲ್ಲ. ಮೇಡಂ ಕುರ್ಚಿ ಎಳೆದು ಕೂತರು. ಒಂದು ಹಾಳೆ ತೆಗೆದು ತಾವೇ ಆದೇಶ ಬರೆದು ಸಹಿ ಹಾಕಿದರು. ಬರೆಯಲು ಹಿಡಿದದ್ದು ಕಾಲು ನಿಮಿಷ. ಆಮೇಲೆ ಸುಧಾರಾಣಿ ಕಪಾಟು ತೆರೆದು ಮೂರು ಹೊಸ ಕಾರ್ಡು ತೆಗೆದಳು. ಕಾರ್ಡುಗಳು ಅಷ್ಟು ದಿನವೂ ಅಲ್ಲೇ ಇದ್ದವು.

"ವಿಳಾಸ ಏನ್ ಬರೀಲಿ?"

"ಬಳ್ಳಾರಿ ಅಂತ ಬರೀರಿ. ದಾರ ಇಲ್ಲಿ ಕತ್ತರಸ್ತೀನಿ, ಬಾಡಿಗಿ ಇಲ್ಲಿ ಕಟ್ತೀನಿ. ಹಡ್ಯಾದೂ ಇಲ್ಲೇ. ಚೊಚ್ಚಲಕ್ಕ ನಾ ತವರಿಗೆ ಹೋಗಂಗಿಲ್ಲ, ತವರೇ ಇಲ್ಲಿಗೆ ಬರ್ತೈತಿ."

ಕಾರ್ಡು ಕೈಗೆ ಬಂದ ಮೇಲೆ ಚಂದ್ರಣ್ಣ ಮತ್ತೆ ಹತ್ತಿರ ಸರಿದ. "ಈಗರ ಕಾಯಿ ಕೊಡವಾ. ಮೋಕಕ್ಕ ಬರಿ ತಟ್ಟಿ ಹಿಡ್ಕೊಂಡು ಹೆಂಗ ಹೋಗ್ಲಿ?"

"ಕಾರ್ಡಿನ ಪುಸ್ತಕ ಹಿಡ್ಕೊಂಡು ಹೋಗ್ರಿ ಅಣ್ಣಾ," ಎಂದಳು ಅಂಜನಾ. ಕಾಯಿ ಕೊಡಲಿಲ್ಲ, ಖಣವನ್ನೂ ಕೊಡಲಿಲ್ಲ.

ಎರಡು ದಿನಕ್ಕೆ ಪಾರಮ್ಮ ಗಂಟು ಮೂಟೆ ಕಟ್ಟಿಕೊಂಡು ಕುರುಗೋಡಿನಿಂದ ಬಂದಳು. ಮಗಳು ಗೆದ್ದು ತಂದ ಕಾಯಿಯನ್ನು ಕಣ್ಣಿಗೊತ್ತಿಕೊಂಡಳು. ಖಣವನ್ನು ಕೂಸಿನ ತಲೆಯ ಕುಲಾಯಿಗೆ ಎಂದು ಎತ್ತಿಟ್ಟಳು. ಕಾಯಿಯನ್ನು ಕಲ್ಲಿಗೆ ಕುಕ್ಕಿದಳು. ಕಾಯಿ ಎರಡು ಹೋಳಾಯಿತು. ತಗಡಿನ ಕೋಣೆಯ ತುಂಬ ನಾತ. ಒಳಗೆ ಕರ್ರಗೆ ಕೊಳೆತು ಹೋಗಿತ್ತು. ತಿಂಗಳುಗಟ್ಟಲೆ ಬಿಸಿಲಲ್ಲಿ ಜೀಪಿನ ಹಿಂದೆ ಉರುಳಿದ ಕಾಯಿ.

"ಅಯ್ಯೋ ಶಿವನೇ!" ಪಾರಮ್ಮ ಎದೆ ಬಡಿದುಕೊಂಡಳು. "ಕೆಟ್ಟ ಕಾಯಿ! ಚೊಚ್ಚಲ ಬಸುರಿ ಉಡ್ಯಾಗ ಕೆಟ್ಟ ಕಾಯಿ! ಅಪಶಕುನ ಆತಲ್ಲೇ ಮಗಳ!"

ದುರ್ಗೇಶ್ ಮೂಗು ಮುಚ್ಚಿಕೊಂಡು ಬುದ್ಧನ ಕಡೆ ನೋಡಿದ. ಅಂಜನಾಗೆ ನಗು ಬಂತು. ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿದ್ದದ್ದೂ ಒಂದು ಒದ್ದಿತು.

"ಅಳಬ್ಯಾಡ ಯವ್ವಾ. ಈ ಕಾಯಿ ನನ್ನ ಉಡ್ಯಾಗ ಕೆಟ್ಟಿಲ್ಲ. ಅವರ ಜೀಪಿನ್ಯಾಗ ಕೆಟ್ಟೈತಿ. ಶಕುನ ಅವರದು."

ಹಾಗೆಂದು ಅವಳು ತಾಯಿ ಕಾರ್ಡನ್ನು ಸೆರಗಿನಲ್ಲಿ ಸುತ್ತಿ ಉಡಿಗೆ ಕಟ್ಟಿಕೊಂಡು, ರಕ್ತದ ಸೂಜಿ ಹಾಕಿಸಿಕೊಳ್ಳಲು ದವಾಖಾನೆಗೆ ಹೊರಟಳು.